ಸಂಚಿಯೊಳಗಿನ ಇಪ್ಪತ್ತೊಂಬತ್ತು ಹುಣಸೆ ಬೀಜ

ಬೆಳಗಿನ ಐದೂಮುಕ್ಕಾಲು ಗಂಟೆ. ತಿಂಡ್ಲುವಿನ ಅರಳಿಕಟ್ಟೆಯ ಮುಂದೆ ಒಬ್ಬ ಹೆಂಗಸು ಲಾಂದ್ರ ಹಿಡಿದು ನಿಂತಿದ್ದಾರೆ. ೧೯೬೫ರ ಫೆಬ್ರುವರಿಯ ಮಂಜು ಇನ್ನೂ ಹೊಲದ ಮೇಲಿಂದ ಎದ್ದಿಲ್ಲ. ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಕಿವಿ ಮುಚ್ಚುವಂತೆ ಟವೆಲು ಸುತ್ತಿಕೊಂಡ ಹುಡುಗಿಯೊಬ್ಬಳು ಬಂದು ಅಂಗೈ ಚಾಚುತ್ತಾಳೆ. ಅಂಗೈಯಲ್ಲಿ ಒಂದು ಹುಣಸೆ ಬೀಜ.

"ಎಸ್ರು ಏಳು," ಎನ್ನುತ್ತಾರೆ ಹೆಂಗಸು.

"ಮುನಿಆಂಜಿನಪ್ಪನ ಮಗಳು ಸುಬ್ಬಮ್ಮ."

ಸೊಂಟದಲ್ಲಿ ಸಿಕ್ಕಿಸಿದ ಎಲೆಯಡಿಕೆ ಸಂಚಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮೂರು ಖಾನೆ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ. ಮೂರನೆಯದಕ್ಕೆ ಸುಬ್ಬಮ್ಮನ ಬೀಜ ಬೀಳುತ್ತದೆ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಪ್ರತಿಯೊಬ್ಬಳೂ ಅಪ್ಪನ ಹೆಸರು ಸೇರಿಸಿ ತನ್ನ ಹೆಸರು ಹೇಳಿಯೇ ಬೀಜ ಕೊಡಬೇಕು.

ನನಗೆ ವಿಚಿತ್ರವೆನಿಸುತ್ತದೆ. ಸುಬ್ಬಮ್ಮ ಈಕೆಯ ಪಕ್ಕದ ಮನೆಯ ಹುಡುಗಿ. ಅವಳು ಹುಟ್ಟಿದ ದಿನ ಒಲೆಯ ಮುಂದೆ ಕೂತು ಬಿಸಿನೀರು ಕಾಯಿಸಿದವರೇ ಈಕೆ. ಅಂಥವಳನ್ನು ನಿಲ್ಲಿಸಿ, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ ಹೆಸರು ಹೇಳಿಸುವುದು ಏಕೆ? ಕೇಳುತ್ತೇನೆ. ಅವರು ನನ್ನ ಕೈಗೂ ಒಂದು ಬೀಜ ಇಡುತ್ತಾರೆ.

"ನೀವೂ ಜೊತೇಗೆ ಬರ್ತೀರಲ್ಲ ಸ್ವಾಮಿ, ನೀವೂ ಲೆಕ್ಕ. ಎಸ್ರು ಏಳಿ, ಸಂಚಿಗಾಕಿ. ಮಿಕ್ಕಿದ್ದು ನಡೀತಾ ಮಾತಾಡಾನ."

ನಾನು ತಂದೆಯ ಹೆಸರು ಸಮೇತ ನನ್ನ ಹೆಸರು ಹೇಳಿ ಬೀಜ ಒಪ್ಪಿಸುತ್ತೇನೆ. ಹುಡುಗಿಯರು ಟವೆಲಿನೊಳಗೆ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಪತ್ರಿಕೆಯವನ ಗತ್ತೆಲ್ಲ ಅಲ್ಲಿಗೆ ಮುಗಿಯಿತು.

ಇವರು ಮುನಿಕೆಂಪಮ್ಮ. ಹುಡುಗಿಯರ ಬಾಯಲ್ಲಿ ಕೆಂಪತ್ತೆ. ವಯಸ್ಸು ಎಷ್ಟೆಂದರೆ ಸರಿಯಾಗಿ ಗೊತ್ತಿಲ್ಲ. ಊರಿಗೆ ದೊಡ್ಡ ಜ್ವರ ಬಂದು ಮನೆಮನೆಯಲ್ಲಿ ಜನ ಸತ್ತ ವರ್ಷ ತಾನು ಆಗಷ್ಟೇ ಹೆಜ್ಜೆ ಇಡುತ್ತಿದ್ದೆನೆಂದು ತಾಯಿ ಹೇಳಿದ್ದರಂತೆ. ಹಾಗೆ ಹಿಡಿದರೆ ಈಗ ನಲವತ್ತೆಂಟು. ಯಲಹಂಕದ ಹೊರಗಿನ ತೋಪಿನ ಹೈಸ್ಕೂಲಿನಲ್ಲಿ ನೀರು ಸೇದುವ ಕೆಲಸ. ಆದರೆ ಈ ಬರಹಕ್ಕೆ ಕಾರಣ ಅವರು ಸೇದುವ ನೀರಲ್ಲ. ಏಳೂವರೆ ವರ್ಷದಿಂದ ಅವರು ದಿನಾ ಬೆಳಿಗ್ಗೆ ಹಳ್ಳಿಗಳ ಹುಡುಗಿಯರನ್ನು ನಡೆಸಿಕೊಂಡು ಹೈಸ್ಕೂಲಿಗೆ ಹೋಗುತ್ತಾರೆ, ಸಂಜೆ ಒಬ್ಬೊಬ್ಬಳನ್ನೂ ಅವಳವಳ ಹೊಸ್ತಿಲಿಗೆ ಮುಟ್ಟಿಸಿ ಬರುತ್ತಾರೆ. ಇದಕ್ಕೆ ಅವರನ್ನು ಯಾರೂ ನೇಮಿಸಿಲ್ಲ.

ನಿಜ ಹೇಳಬೇಕೆಂದರೆ ನಾನು ಹೊರಟಿದ್ದು ಹೈಸ್ಕೂಲಿನ ಬಗ್ಗೆ ಬರೆಯಲು. ಹನ್ನೆರಡು ವರ್ಷದ ಶಾಲೆ, ಸುತ್ತ ಹಳ್ಳಿ, ಆದರೂ ಹೆಣ್ಣುಮಕ್ಕಳ ಸಂಖ್ಯೆ ಮೂವತ್ತೆಂಟು. ಪಟ್ಟಣದ ಕೆಲವು ಶಾಲೆಗಳಲ್ಲೂ ಇಷ್ಟಿಲ್ಲ. ಇದು ಹೇಗಾಯಿತೆಂದು ಹೆಡ್‌ಮಾಸ್ಟರ್ ವೆಂಕಟರಾಮಯ್ಯನವರಿಗೆ ಕಾಗದ ಬರೆದಿದ್ದೆ. ಅವರ ಉತ್ತರ ಒಂದು ಕಾರ್ಡಿನಲ್ಲಿ ಬಂತು: "ನನ್ನನ್ನು ಕೇಳಿ ಪ್ರಯೋಜನವಿಲ್ಲ. ಸೂರ್ಯ ಹುಟ್ಟುವ ಮೊದಲು ತಿಂಡ್ಲುವಿನ ಅರಳಿಕಟ್ಟೆಗೆ ಹೋಗಿ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ." ಹೆಬ್ಬಾಳದಲ್ಲಿ ಬಾಡಿಗೆ ಸೈಕಲ್ಲು ಹಿಡಿದು ಬಂದ ನಾನು ಚಪ್ಪಲಿಯ ಮಾತನ್ನು ಮಾತ್ರ ಮರೆತು ಬೂಟು ಹಾಕಿಕೊಂಡಿದ್ದೇನೆ.

ತಿಂಡ್ಲುವಿನಿಂದ ಏಳು ಹುಡುಗಿಯರು. ಕೊಡಿಗೇಹಳ್ಳಿಯಲ್ಲಿ ಹನ್ನೊಂದು. ರೈಲು ಹಳಿಯ ಪಕ್ಕದ ಎರಡು ತೋಟದಮನೆಗಳಿಂದ ನಾಲ್ವರು. ಅಲ್ಲಾಳಸಂದ್ರದ ಕೆರೆ ಏರಿ ಹತ್ತುವಲ್ಲಿ ಮತ್ತೆ ಏಳು. ಒಟ್ಟು ಇಪ್ಪತ್ತೊಂಬತ್ತು. ದಾರಿ ಹೋಗಲು ನಾಲ್ಕು ಮೈಲಿ, ಬರಲು ನಾಲ್ಕು. ಸಾಮಾನ್ಯ ದಿನಗಳಲ್ಲಿ ಇಷ್ಟು ಬೇಗ ಹೊರಡುವ ಅಗತ್ಯವಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಸ್.ಎಸ್.ಎಲ್.ಸಿ.ಯವರಿಗೆ ಎಂಟು ಗಂಟೆಗೆ ಸ್ಪೆಷಲ್ ಕ್ಲಾಸು. ಒಂದು ಗುಂಪನ್ನು ಬೇಗ, ಇನ್ನೊಂದನ್ನು ತಡವಾಗಿ ಕರೆದೊಯ್ಯಲು ಕೆಂಪತ್ತೆಗೆ ಇರುವುದು ಎರಡೇ ಕಾಲು. ಹಾಗಾಗಿ ಎಲ್ಲರೂ ಒಟ್ಟಿಗೇ ಏಳುತ್ತಾರೆ.

ನಡಿಗೆಗೆ ಕೆಲವು ಕಟ್ಟುಪಾಡುಗಳಿವೆ. ಹಳಿ ದಾಟುವಾಗ ಮುಂದಿನವಳ ಚೀಲದ ತುದಿ ಹಿಂದಿನವಳು ಹಿಡಿದಿರಬೇಕು. ಎಮ್ಮೆ ಎದುರು ಬಂದರೆ ಕಿರುಚಕೂಡದು. ಹೆಂಡದಂಗಡಿಯ ಮುಂದೆ ಮಾತಿಲ್ಲ, ಅದನ್ನು ದಾಟಿದ ಮೇಲೆ ಎಷ್ಟು ಬೇಕಾದರೂ ಆಡಬಹುದು. ಉಳಿದಂತೆ ಇಡೀ ದಾರಿ ಪಾಠದ ಮನೆ. ಮುಂದೆ ಹತ್ತನೇ ತರಗತಿಯವರು ಇತಿಹಾಸದ ಇಸವಿಗಳನ್ನು ಉರುಹಚ್ಚುತ್ತಾರೆ, ನಡುವೆ ಎಂಟನೇ ತರಗತಿಯವರು ಇಂಗ್ಲಿಷಿನ ಕ್ರಿಯಾಪದ ಒಪ್ಪಿಸುತ್ತಾರೆ, ಹಿಂದೆ ಯಾರೋ ಒಬ್ಬಳು ರೇಖಾಗಣಿತದ ಪ್ರಮೇಯ ಹೇಳುತ್ತಾಳೆ. ಒಂದಕ್ಷರ ಓದಲು ಬಾರದ ಮುನಿಕೆಂಪಮ್ಮ ಏಳು ವರ್ಷ ಇದನ್ನೆಲ್ಲ ಕೇಳಿ ಕೇಳಿ ಅರ್ಧ ಪಠ್ಯಪುಸ್ತಕ ಬಾಯಿಪಾಠ ಮಾಡಿದ್ದಾರೆ.

"ಮುಕ್ಕೋನದ ಮೂರ್ ಮೂಲೆ ಸೇರಿದ್ರೆ ಎರಡು ಲಂಬಕೋನ ಅಂತೆ," ಎಂದು ನನಗೆ ತಿಳಿಸುತ್ತಾರೆ. "ಎಲ್ರೂ ಏಳ್ತಾರೆ. ಯಾಕೆ ಅಂತ ಕೇಳಿದ್ರೆ ಕೃಷ್ಣಮ್ಮ ಒಬ್ಳೇ ತೋರ್ಸಿದ್ದು. ಮುತ್ತುಗದ ಎಲೇನ ಮೂರು ಮೂಲೆಗೆ ಕತ್ತರಿಸಿ, ಮೂಲೆಗಳ್ನ ಅರಿದು ಪಕ್ಕಪಕ್ಕ ಇಟ್ಳು. ಗೆರೆ ಎಳೆದಂಗೆ ನೆಟ್ಟಗೆ ಕೂತ್ಕೊಂತು. ನಾನು ಅವತ್ತು ಆ ಎಲೆ ಮನೇಗೆ ತಗೊಂಡೋದೆ."

ಕೃಷ್ಣಮ್ಮ ಸಿಗುವುದು ಕೊಡಿಗೇಹಳ್ಳಿಯಲ್ಲಿ. ಹೆಂಚಿನ ಮನೆ, ಮುಂದೆ ಉದ್ದನೆಯ ಜಗಲಿ. ಜಗಲಿಯ ಮೇಲೆ ಅವಳ ತಂದೆ ಚಿಕ್ಕಬೈರಪ್ಪ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದಾರೆ. ಹುಡುಗಿ ಉಳಿದವರಿಗಿಂತ ಎತ್ತರ, ವಯಸ್ಸಿನಲ್ಲೂ ದೊಡ್ಡವಳೆಂದು ನೋಡಿದ ಕೂಡಲೇ ತಿಳಿಯುತ್ತದೆ. ಅವಳು ಬೀಜ ಕೊಡುವಾಗ ಹೆಸರನ್ನು ಉಳಿದವರಂತೆ ಗೊಣಗುವುದಿಲ್ಲ. ಜಗಲಿಯವರೆಗೂ ಕೇಳುವ ಹಾಗೆ ಹೇಳುತ್ತಾಳೆ. "ಚಿಕ್ಕಬೈರಪ್ಪನ ಮಗಳು ಕೃಷ್ಣಮ್ಮ." ಚಿಕ್ಕಬೈರಪ್ಪ ಅತ್ತ ತಿರುಗಿ ಉಗುಳುತ್ತಾರೆ. ಇಲ್ಲಿ ಏನೋ ಇದೆ ಎಂದು ನನ್ನ ಮೂಗಿಗೆ ಬಡಿಯುತ್ತದೆ, ಆದರೆ ಕೆಂಪತ್ತೆ ಆಗಲೇ ಮುಂದಿನ ಮನೆಯ ಬಾಗಿಲಲ್ಲಿದ್ದಾರೆ.

ಏಳೂಮುಕ್ಕಾಲಿಗೆ ಹೈಸ್ಕೂಲು ತಲುಪುತ್ತೇವೆ. ಬೂಟಿನೊಳಗೆ ನನ್ನ ಎರಡೂ ಹಿಮ್ಮಡಿ ಬೊಬ್ಬೆಯೆದ್ದಿವೆ. ಮುನಿಕೆಂಪಮ್ಮ ಸಂಚಿಯ ಬೀಜಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡು ನೇರ ಬಾವಿಗೆ ಹೋಗುತ್ತಾರೆ. ಮೂವತ್ತೆರಡು ಅಡಿ ಆಳದ ಬಾವಿ. ಮುನ್ನೂರ ಹನ್ನೆರಡು ಮಕ್ಕಳು ಕುಡಿಯುವುದಕ್ಕೆ, ತರಗತಿಗೊಂದರಂತೆ ಇರುವ ಹೂವಿನ ಪಾತಿಗಳಿಗೆ, ವಿಜ್ಞಾನದ ಕೋಣೆಯ ತೊಟ್ಟಿಗೆ ಎಲ್ಲ ಸೇರಿ ದಿನಕ್ಕೆ ಅರವತ್ತು ಕೊಡ ನೀರು. ಬೇಸಿಗೆಯಲ್ಲಿ ಎಂಬತ್ತು.

ವೆಂಕಟರಾಮಯ್ಯನವರು ಶಾಲೆಯನ್ನು ತೋರಿಸುತ್ತಾರೆ. ೧೯೫೩ರಲ್ಲಿ ಇದು ಯಲಹಂಕದ ಒಂದು ಹಳೆಯ ಛತ್ರದಲ್ಲಿ ಇಪ್ಪತ್ತಮೂರು ಹುಡುಗರೊಂದಿಗೆ ಆರಂಭವಾಯಿತು. ಊಟಕ್ಕೆ ಬಂದವರು ಎದ್ದ ಮೇಲೆಯೇ ಪಾಠ. ಎರಡು ವರ್ಷದ ಮೇಲೆ ಸುತ್ತಲಿನ ಹಳ್ಳಿಯವರು ಈ ಹೊಂಗೆ ತೋಪನ್ನು ಬಿಟ್ಟುಕೊಟ್ಟರು. ಗೋಡೆ ಎದ್ದಿತು, ಹೆಂಚು ಮಾತ್ರ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಬಿದ್ದಿತ್ತು. ಗಾಡಿ ಸಿಗಲಿಲ್ಲ. ಹುಡುಗರು ದಿನಾ ಬರುವಾಗ ತಲೆಗೆ ಎರಡೆರಡು ಹೆಂಚು ಹೊತ್ತು ತಂದರು. ಒಂದು ತಿಂಗಳಲ್ಲಿ ಛಾವಣಿಯಾಯಿತು. "ಅದಕ್ಕೇ ನಮ್ಮ ಹಳೇ ವಿದ್ಯಾರ್ಥಿಗಳು ಬಂದರೆ ಮೊದಲು ಸೂರು ನೋಡ್ತಾರೆ. ಎಲ್ಲಾದರೂ ಸೋರ್ತಿದೆ ಅಂದರೆ ಅದು ತಮ್ಮ ಹೆಂಚಲ್ಲ ಅಂತಾರೆ," ಎಂದು ಮೇಷ್ಟ್ರು ನಗುತ್ತಾರೆ.

ಹುಡುಗಿಯರ ದಿನಚರಿ ಬೇರೆಯೇ ಒಂದು ಲೋಕ. ಅವರಿಗೆಂದು ಒಂದು ಕೋಣೆ ಇದೆ. ಅದರಲ್ಲಿ ಒಂದು ಬೆಂಚು, ಒಂದು ಟ್ರಂಕು, ಗೋಡೆಗೆ ಒಂದು ಬಿರುಕು ಕನ್ನಡಿ. ಆಯಾ ಪಾಠದ ಮೇಷ್ಟ್ರು ತರಗತಿಗೆ ಹೋಗುವಾಗ ಹುಡುಗಿಯರು ಅವರ ಹಿಂದೆ ಸಾಲಾಗಿ ಹೋಗಿ ಮುಂದಿನ ಎರಡು ಬೆಂಚಿನಲ್ಲಿ ಕೂರುತ್ತಾರೆ, ಪಾಠ ಮುಗಿದರೆ ಅವರ ಹಿಂದೆಯೇ ಹೊರಬೀಳುತ್ತಾರೆ. ಹುಡುಗರ ಕಡೆ ತಿರುಗಿ ನೋಡುವಂತಿಲ್ಲ. ಆದರೆ ಮಧ್ಯಾಹ್ನ ತೋಪಿನ ಹಿಂದುಗಡೆ ಥ್ರೋಬಾಲ್ ಶುರುವಾದರೆ ಈ ಸಾಧುಗಳೇ ಬೇರೆ. ಅಲ್ಲಾಳಸಂದ್ರದ ಜಟಕಾ ನೂರುಲ್ಲಾ ಅವರ ಮಗಳು ಕನೀಜ್ ಎಸೆದ ಚೆಂಡು ನನ್ನ ನೋಟ್‌ಬುಕ್ಕನ್ನು ಹಾರಿಸಿಕೊಂಡು ಹೋಯಿತು. ಹೋದ ವರ್ಷ ತಾಲ್ಲೂಕು ಪಂದ್ಯದಲ್ಲಿ ಇವರು ಎರಡನೆಯವರು. "ಮೊದಲನೇವ್ರು ಬಸ್ಸಲ್ಲಿ ಬಂದಿದ್ರು ಸಾರ್," ಎಂಬುದು ಕನೀಜಳ ಸಮಜಾಯಿಷಿ.

ಊಟದ ಹೊತ್ತಿನಲ್ಲಿ ಮುನಿಕೆಂಪಮ್ಮ ಬಾವಿಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳುತ್ತಾರೆ. ಹೆಚ್ಚೇನಿಲ್ಲ ಎಂದೇ ಶುರು ಮಾಡುತ್ತಾರೆ. ಗಂಡ ತೀರಿಕೊಂಡ ಮೇಲೆ ದಂಟು, ಕೊತ್ತಂಬರಿಯ ಮಂಕರಿ ಹೊತ್ತು ದಿನಾ ಯಲಹಂಕಕ್ಕೆ ಬರುತ್ತಿದ್ದರು. ೧೯೫೭ರ ಜೂನ್‌ನಲ್ಲಿ ಪಕ್ಕದ ಬೀದಿಯ ಇಬ್ಬರು ಹುಡುಗಿಯರು ಮಿಡ್ಲ್ ಸ್ಕೂಲು ಮುಗಿಸಿ ಹೈಸ್ಕೂಲಿಗೆ ಹೋಗುತ್ತೇವೆಂದು ಮನೆಯಲ್ಲಿ ಹಟ ಹಿಡಿದಿದ್ದರು. ದಾರಿ ಸರಿಯಿಲ್ಲ ಎಂದು ಅಪ್ಪಂದಿರು. ಸೊಪ್ಪಿನ ಕೆಂಪಮ್ಮನ ಹಿಂದೆ ಹೋಗುವುದಾದರೆ ಹೋಗಲಿ ಎಂದು ಕೊನೆಗೆ ಒಪ್ಪಂದವಾಯಿತು.

"ಎರಡು ಉಡ್ಗೀರು. ಎಣ್ಸೋಕೇನಿದೆ? ಆರಾದಾಗ ಕಣ್ಣಳತೆಗೆ ಸಾಕಾಯ್ತು. ಅನ್ನೆರಡು ಆದ್ಮೇಲೆ ಒಂದಿನ ರೈಲಳಿ ಆಚೆ ಒಬ್ಳು ಉಳ್ಕೊಂಡ್ಬಿಟ್ಳು, ಚಪ್ಪಲಿ ಉಂಗುಟ ಕಿತ್ತೋಗಿತ್ತು ಅಂತ. ನನ್ನ ಜೀವ ಬಾಯಿಗ್ ಬಂತು. ಅವತ್ತಿಂದ ಬೀಜ. ಬೆಳಿಗ್ಗೆ ಕೊಡ್ಬೇಕು, ಸಾಯಂಕಾಲ ಒಸ್ಲು ಮೇಲೆ ನಿಂತು ಇಸ್ಕೊಬೇಕು. ಸಂಚಿ ಖಾಲಿ ಆದ್ರೇನೇ ನಾನು ಮನೇಗೋಗಿ ಒಲೆ ಅಚ್ಚೋದು."

ಸೊಪ್ಪು ಮಾರಿ ಮುಗಿದರೂ ಸಂಜೆಯವರೆಗೆ ಶಾಲೆಯ ಗೇಟಿನ ಬಳಿ ಕೂತಿರುತ್ತಿದ್ದ ಈ ಹೆಂಗಸನ್ನು ನೋಡಿ ವೆಂಕಟರಾಮಯ್ಯನವರೇ ನೀರಿನ ಕೆಲಸ ಕೊಟ್ಟರು. ಶಾಲೆಯ ದಾಖಲೆಯಲ್ಲಿ ಅವರ ಹೆಸರಿಲ್ಲ. "ನೀರಿನ ಹೆಂಗಸು, ಒಂದು" ಎಂದಿದೆ. ಅವರಿಗೂ ಒಬ್ಬ ಮಗಳಿದ್ದಾಳೆ, ಮುನಿನಾರಾಯಣಮ್ಮ. ಹನ್ನೆರಡಕ್ಕೇ ಅಬ್ಬಿಗೆರೆಗೆ ಮದುವೆ ಮಾಡಿಕೊಟ್ಟರು. "ಆವಾಗ ಈ ದಾರಿ ನನಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ.

ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕುತ್ತೇನೆ. ದಿನಕ್ಕೆ ಎಂಟು ಮೈಲಿ, ವರ್ಷಕ್ಕೆ ಇನ್ನೂರ ಹತ್ತು ದಿನ, ಏಳೂವರೆ ವರ್ಷ. ಹನ್ನೆರಡು ಸಾವಿರ ಮೈಲಿಗೂ ಮೇಲಾಯಿತು. ಐದು ಸಲ ಕಾಶಿಗೆ ನಡೆದು ಹೋಗಿ ಬರಬಹುದಿತ್ತು ಎನ್ನುತ್ತೇನೆ. ಅವರಿಗೆ ಅಷ್ಟೇನೂ ಆಸಕ್ತಿ ಹುಟ್ಟುವುದಿಲ್ಲ.

"ಕಾಶಿಗೋದ್ರೆ ಇವ್ರನ್ನ ಯಾರು ಕರ್ಕೊಂಬರ್ತಾರೆ?"

ಹೆಸರು ಹೇಳಿಸುವ ಗುಟ್ಟು ಮಾತ್ರ ಇನ್ನೂ ಹೊರಬಂದಿಲ್ಲ. ಮತ್ತೆ ಕೇಳುತ್ತೇನೆ. ಮುನಿಕೆಂಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಅದು ನಾನು ಮಾಡಿದ್ ತಪ್ಪು ಸ್ವಾಮಿ. ಮೇಷ್ಟ್ರನ್ನ ಕೇಳಿ," ಎಂದು ಕೊಡ ಎತ್ತಿಕೊಂಡು ಹೋಗುತ್ತಾರೆ.

ಮೇಷ್ಟ್ರು ಬಾಗಿಲು ಮುಂದೆ ಮಾಡಿ ಹೇಳಿದ್ದು ಇದು. ೧೯೬೦ರಲ್ಲಿ ಕೊಡಿಗೇಹಳ್ಳಿಯ ಚಿಕ್ಕಬೈರಪ್ಪನವರ ದೊಡ್ಡ ಮಗಳು ವೆಂಕಟಲಕ್ಷ್ಮಮ್ಮ ಎಂಟನೇ ತರಗತಿಗೆ ಸೇರಿದಳು. ವರ್ಷ ಮುಗಿದ ಬೇಸಿಗೆಯಲ್ಲಿ ಅವಳಿಗೆ ಮದುವೆಯಾಯಿತು. ಅದೇ ಬೇಸಿಗೆಯಲ್ಲಿ ತಂಗಿ ಕೃಷ್ಣಮ್ಮ ಮಿಡ್ಲ್ ಸ್ಕೂಲು ಮುಗಿಸಿದ್ದಳು. ಜೂನ್ ಬಂತು. ಕೆಂಪತ್ತೆ ಜಗಲಿಯ ಮುಂದೆ ನಿಂತರು. ಅಕ್ಕನ ನೀಲಿ ಲಂಗ ತೊಟ್ಟು, ಅಕ್ಕನ ಪುಸ್ತಕದ ಚೀಲ ಹೊತ್ತು, ಅಕ್ಕನ ಬೀಜ ಹಿಡಿದು ಕೃಷ್ಣಮ್ಮ ಹೊರಬಂದಳು. ಬೀಜ ಸಂಚಿಗೆ ಬಿತ್ತು. ಅವಳು ಹೋಗಿ ಒಂಬತ್ತನೇ ತರಗತಿಯಲ್ಲಿ ಅಕ್ಕನ ಜಾಗದಲ್ಲಿ ಕೂತು, ವೆಂಕಟಲಕ್ಷ್ಮಮ್ಮ ಎಂದು ಕೂಗಿದಾಗ "ಪ್ರೆಸೆಂಟ್ ಸಾರ್" ಎಂದಳು.

ಮೋಸ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಈ ಕಡೆಯ ಬೇಸಾಯದ ಮನೆಗಳಲ್ಲಿ ಮುಯ್ಯಾಳಿನ ಪದ್ಧತಿ ಇದೆ. ಇಂದು ನಿಮ್ಮ ಹೊಲಕ್ಕೆ ನಮ್ಮ ಮನೆಯ ಒಬ್ಬರು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯ ಒಬ್ಬರು. ಕೂಲಿಯ ಮಾತಿಲ್ಲ, ದಿನಕ್ಕೆ ದಿನ ತೀರಿಸಿದರಾಯಿತು. ನಿನ್ನೆ ಅಕ್ಕ ಕಳೆ ಕಿತ್ತಿದ್ದರೆ ಇಂದು ತಂಗಿ ಹೋಗಬಹುದು, ಯಾರೂ ಯಾಕೆಂದು ಕೇಳುವುದಿಲ್ಲ. ಮನೆಯಿಂದ ಒಂದು ಆಳು, ಅಷ್ಟೇ. ಚಿಕ್ಕಬೈರಪ್ಪನವರ ಕಣ್ಣಿಗೆ ಶಾಲೆಯ ಹಾಜರಿಯೂ ಹಾಗೆಯೇ ಕಂಡಿತು. ಆ ಮನೆಯಿಂದ ಒಬ್ಬಳು ಹುಡುಗಿ ಹೋಗಬೇಕಿತ್ತು, ಹೋದಳು. ಸಾಲದ್ದಕ್ಕೆ ಒಂದು ವರ್ಷವೂ ಉಳಿಯಿತು. ಮುನಿಕೆಂಪಮ್ಮನೂ ಅದೇ ಮಣ್ಣಿನವರು. ಅವರ ಎಣಿಕೆ ಸರಿಯಾಗಿಯೇ ಇತ್ತು.

ಹದಿನೇಳು ತಿಂಗಳು ಇದು ನಡೆಯಿತು. ಎಂಟನೇ ತರಗತಿಯನ್ನು ಓದದೇ ಹಾರಿದ ಹುಡುಗಿ ಒಂಬತ್ತನೆಯದನ್ನು ಪಾಸು ಮಾಡಿದಳು, ಗಣಿತದಲ್ಲಿ ಮೂರನೆಯವಳಾಗಿ. ೧೯೬೨ರ ನವೆಂಬರಿನಲ್ಲಿ ಎಸ್.ಎಸ್.ಎಲ್.ಸಿ. ಅರ್ಜಿ ತುಂಬಿಸುವಾಗ ಗುರುತಿನ ಚಿಹ್ನೆಯ ಕಾಲಮ್ಮು ಬಂತು. ಸೇರ್ಪಡೆಯ ಪುಸ್ತಕದಲ್ಲಿ "ಬಲ ಮೊಣಕೈ ಮೇಲೆ ಸುಟ್ಟ ಕಲೆ" ಎಂದಿತ್ತು. ಮೇಷ್ಟ್ರು ಕೈ ತೋರಿಸು ಎಂದರು. ಮೊಣಕೈ ನುಣ್ಣಗಿತ್ತು. ಹುಡುಗಿ ಅಳಲಾರಂಭಿಸಿದಳು.

"ಅವಳಿಗೆ ಎರಡೇ ದಾರಿ," ಎನ್ನುತ್ತಾರೆ ವೆಂಕಟರಾಮಯ್ಯ. "ನಾನು ಕಣ್ಣು ಮುಚ್ಚಿಕೊಂಡು ಬಿಟ್ಟರೆ ಪರೀಕ್ಷೆ ಬರೀತಾಳೆ, ಪಾಸೂ ಆಗ್ತಾಳೆ. ಸರ್ಟಿಫಿಕೇಟು ಮಾತ್ರ ಗಂಡನ ಮನೇಲಿ ರಾಗಿ ಬೀಸ್ತಿರೋ ಅಕ್ಕನದು. ಇಲ್ಲ ಅಂದರೆ ತನ್ನ ಮಿಡ್ಲ್ ಸ್ಕೂಲಿನ ಟಿ.ಸಿ. ತಂದು ಎಂಟನೇ ತರಗತಿಯಲ್ಲಿ ತನ್ನ ಹೆಸರಲ್ಲಿ ಕೂರಬೇಕು. ಹತ್ತರಿಂದ ಎಂಟಕ್ಕೆ. ಎರಡೂ ಅನ್ಯಾಯವೇ. ಯಾವುದು ಕಡಿಮೆ ಅನ್ಯಾಯ ಅಂತ ಮೂರು ದಿನ ಯೋಚನೆ ಮಾಡಿದೆ."

ಸುದ್ದಿ ಹಳ್ಳಿಗಳಿಗೆ ಮುಟ್ಟಿದ್ದು ಬೇರೆ ಬಣ್ಣದಲ್ಲಿ. ಕೆಂಪಮ್ಮ ಯಾರದೋ ಮಗಳನ್ನು ಯಾರದೋ ಹೆಸರಲ್ಲಿ ಕರೆದೊಯ್ದಳಂತೆ, ನಾಳೆ ಇನ್ನೇನು ಮಾಡುತ್ತಾಳೋ ಎಂದು. ಒಂದೇ ವಾರದಲ್ಲಿ ಒಂಬತ್ತು ಮನೆಗಳು ಹುಡುಗಿಯರನ್ನು ನಿಲ್ಲಿಸಿದವು. ಸಂಚಿಯ ಬೀಜ ಇಪ್ಪತ್ತನಾಲ್ಕರಿಂದ ಹದಿನೈದಕ್ಕೆ ಇಳಿಯಿತು. ನೀರಿನ ಕೆಲಸದಿಂದ ಆಕೆಯನ್ನು ತೆಗೆಯಿರಿ ಎಂದು ಮೇಷ್ಟ್ರಿಗೆ ಹೇಳಿದವರೂ ಉಂಟು. ಅವರು ತೆಗೆಯಲಿಲ್ಲ. "ಆಕೆ ಮುಖ ನೋಡಿದ್ದಳು, ಹೆಸರು ಕೇಳಲಿಲ್ಲ. ನಾವು ದಿನಾ ಹೆಸರು ಕೂಗಿದೆವು, ತಲೆ ಎತ್ತಿ ಮುಖ ನೋಡಲಿಲ್ಲ. ನಮಗೆ ಓದು ಬರ್ತಿತ್ತು. ಯಾರನ್ನ ತೆಗೀಬೇಕು ಹೇಳಿ," ಎಂದು ಅವರು ನನ್ನನ್ನೇ ಕೇಳುತ್ತಾರೆ.

ಚಿಕ್ಕಬೈರಪ್ಪನವರು ಮಗಳನ್ನು ಮನೆಯಲ್ಲಿ ಕೂರಿಸಿದರು. ಹದಿನಾರು ವರ್ಷದವಳು ಮತ್ತೆ ಎಂಟನೇ ತರಗತಿಗೆ ಹೋಗುವುದು ನಾಚಿಕೆಗೇಡು, ಗಂಡು ನೋಡುತ್ತೇನೆ ಎಂದರು. ಆಗ ಮುನಿಕೆಂಪಮ್ಮ ಮಾಡಿದ್ದನ್ನು ಮೇಷ್ಟ್ರು ಹೇಳುವುದಕ್ಕಿಂತ ಅವರ ಬಾಯಿಂದಲೇ ಕೇಳುವುದು ಚೆನ್ನ. ಸಂಜೆ ಹಿಂದಿರುಗುವಾಗ, ಅಲ್ಲಾಳಸಂದ್ರದ ಏಳು ಬೀಜ ಹಂಚಿ ಮುಗಿದ ಮೇಲೆ ಹೇಳಿದರು.

"ಅವ್ರ ಜಗಲಿ ಮೇಲೆ ಓಗಿ ಕೂತ್ಕೊಂಡೆ. ಬೈರಪ್ಪಣ್ಣ, ನಿನ್ ದೊಡ್ಮಗಳ್ನ ನಡೆಸ್ದೆ, ಚಿಕ್ಮಗಳ್ನ ನಡೆಸ್ದೆ. ಎರಡೂ ಸೇರಿ ಎರಡೂವರೆ ವರ್ಸ ಆಯ್ತು. ಅಷ್ಟು ದಿನದಾಗೆ ನಿಮ್ಮನೆ ಆಳು ಒಬ್ರಾದ್ರೂ ನನ್ ಒಲಕ್ಕೆ ಬಂದಿದ್ದೀರಾ ಅಂದೆ. ಇಲ್ಲ ಅಂದ. ಅಂಗಾದ್ರೆ ಮುಯ್ಯಿ ಬಾಕಿ ಐತೆ, ಕೊಡು ಅಂದೆ. ಯಾರ್ನ ಕಳಿಸ್ಲಿ ಅಂದ. ಕೃಷ್ಣಮ್ಮನ್ನ ಕಳ್ಸು, ಎರಡೂವರೆ ವರ್ಸ ಅವ್ಳು ನನ್ನ ಆಳು, ಅವ್ಳಿಗೆ ಏನ್ ಕೆಲ್ಸ ಏಳ್ಬೇಕು ಅನ್ನೋದು ನನ್ನಿಷ್ಟ ಅಂದೆ."

ಒಪ್ಪಿದರೇ ಎಂದು ಕೇಳುತ್ತೇನೆ.

"ಅವತ್ತು ಬೈದ. ಎಂಟು ದಿನ ಬಿಡದೆ ಓಗಿ ಕೂತೆ. ಒಂಬತ್ತನೇ ದಿನ ಅವ್ನ ಎಂಡ್ತಿ ಟಿ.ಸಿ. ಕಾಗ್ದ ತಂದು ನನ್ನ ಮಡ್ಲಿಗಾಕಿದ್ಳು. ಅಟ್ಟದ ಮೇಲೆ ಅವರೇಕಾಳು ಮೂಟೆ ಕೆಳ್ಗಿತ್ತಂತೆ."

ಕೃಷ್ಣಮ್ಮ ಎಂಟನೇ ತರಗತಿಗೆ ಹೋದಳು, ತನ್ನ ಹೆಸರಲ್ಲಿ. ಅವಳ ಜೊತೆ ಓದಿದವರು ಆ ಮಾರ್ಚಿನಲ್ಲಿ ಪರೀಕ್ಷೆ ಬರೆದು ಹೊರಟುಹೋದರು. ಇವಳು ತನಗಿಂತ ಎರಡು ಮೂರು ವರ್ಷ ಚಿಕ್ಕವರ ನಡುವೆ ಕೂತು, ತಾನು ಹಾರಿದ್ದ ತರಗತಿಯನ್ನು ಮೊದಲ ಸಲ, ಪಾಸಾಗಿದ್ದ ತರಗತಿಯನ್ನು ಎರಡನೆಯ ಸಲ ಓದಿದಳು. ಅವಳು ದಿನಾ ಹೋಗಿ ಬರುವುದನ್ನು ಕಂಡ ಮೇಲೆ ಶಾಲೆ ಬಿಟ್ಟಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮರಳಿ ಬಂದರು, ಮೊದಲು ಬಂದವಳು ಕನೀಜ್. ಬೀಜದ ಜೊತೆ ಹೆಸರು ಹೇಳಿಸುವುದು ಆಗಿನಿಂದ ಶುರುವಾಯಿತು. ಬೆಳಿಗ್ಗೆಯಿಂದ ನನ್ನ ತಲೆ ತಿಂದಿದ್ದು ಇದೇ.

ಕಥೆಯನ್ನು ಪತ್ರಿಕೆಯಲ್ಲಿ ಬರೆಯುವುದು ಸರಿಯೇ ಎಂದು ನನಗೆ ಅಳುಕು. ಈಗ ಹದಿನೆಂಟು ದಾಟಿದ ಹುಡುಗಿ. ನಾಗಸಂದ್ರದಿಂದ ಗಂಡಿನ ಕಡೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಹೆಸರು ಬದಲಿಸಿ ಬರೆಯಲೇ ಎಂದು ಕೃಷ್ಣಮ್ಮನನ್ನು ಕೇಳುತ್ತೇನೆ. ಹಳಿಯ ಪಕ್ಕ ನಡೆಯುತ್ತಿದ್ದವಳು ನಿಲ್ಲುತ್ತಾಳೆ.

"ಬೇಡ ಸಾರ್. ಒಂದೂವರೆ ವರ್ಷ ಬೇರೆ ಹೆಸರಲ್ಲಿ ಇದ್ದೆ. ಸಾಕು. ನನ್ನ ಹೆಸರೇ ಬರೀರಿ."

ಮುಂದೆ ಏನಾಗಬೇಕೆಂದಿದ್ದೀಯ ಎಂದರೆ ಟೀಚರ್ಸ್ ಟ್ರೇನಿಂಗ್ ಎನ್ನುತ್ತಾಳೆ, ತಕ್ಷಣ. ಅಪ್ಪ ಒಪ್ಪುತ್ತಾರಾ ಎಂದರೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮುಂದೆ ನಡೆಯುತ್ತಾಳೆ. ಪರೀಕ್ಷೆಯ ಹಾಲ್ ಟಿಕೆಟ್ಟುಗಳು ಇನ್ನೂ ಬಂದಿಲ್ಲ. ಅರ್ಜಿಯಲ್ಲಿ ಈ ಸಲ "ಎಡಗೆನ್ನೆಯ ಮೇಲೆ ಮಚ್ಚೆ" ಎಂದು ಬರೆಸಿದ್ದಾಳಂತೆ. ದಾರಿಯುದ್ದಕ್ಕೂ ಆ ಮಚ್ಚೆಯನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಿರುತ್ತಾಳೆ.

ಕೊಡಿಗೇಹಳ್ಳಿಯ ಜಗಲಿ. ಚಿಕ್ಕಬೈರಪ್ಪನವರು ನನಗೊಂದು ಚಾಪೆ ಹಾಕಿಸಿ ಮಜ್ಜಿಗೆ ತರಿಸುತ್ತಾರೆ. ಬೆಳಿಗ್ಗೆಯಷ್ಟು ಬಿಗಿಯಾಗಿಲ್ಲ. ನಾಗಸಂದ್ರದವರ ವಿಷಯ ಎತ್ತುತ್ತೇನೆ.

"ಯುಗಾದಿ ಕಳೀತಿದ್ದಂಗೆ ಮಾಡಿ ಮುಗುಸ್ಬೇಕು ಅಂತವ್ರೆ. ಮಾರ್ಚಿಗೆ ಪರೀಕ್ಸೆ ಆಯ್ತದಲ್ಲ. ಅಲ್ಗೆ ಮುಯ್ಯಿ ತೀರ್ತು," ಎನ್ನುತ್ತಾರೆ ಅವರು.

ಜಗಲಿಯ ಕೆಳಗೆ ನಿಂತು ಬೀಜ ಹುಡುಕುತ್ತಿದ್ದ ಮುನಿಕೆಂಪಮ್ಮ ತಲೆ ಎತ್ತುತ್ತಾರೆ. "ಸ್ವಾಮಿ, ನಿಮ್ಮ ಪುಸ್ತಕ ತೆಗೀರಿ. ಅರವತ್ತನೇ ಇಸ್ವಿ ಜೂನ್‌ನಿಂದ ಅರವತ್ತೆರಡು ನವೆಂಬರ್‌ಗಂಟ ಎಷ್ಟು ತಿಂಗ್ಳು?"

ಎಣಿಸುತ್ತೇನೆ. ಮೂವತ್ತು.

"ಅಲ್ಲಿಂದ ಈಚೆಗೆ ಬರೋ ಮಾರ್ಚ್ ಮುಗಿಯಗಂಟ?"

ಇಪ್ಪತ್ತೆಂಟು.

"ಎರಡು ತಿಂಗ್ಳು ಇನ್ನೂ ನನಗೆ ಬಾಕಿ ಬೈರಪ್ಪಣ್ಣ. ಮೇ ಕಡೇವರ್ಗೂ ಅವ್ಳು ನನ್ನ ಆಳು. ಅಷ್ಟೊತ್ಗೆ ರಿಸಲ್ಟು ಬಂದಿರ್ತದೆ. ಆಮೇಲೆ ಮಾತಾಡಾನ."

ಚಿಕ್ಕಬೈರಪ್ಪನವರು ನನ್ನ ನೋಟ್‌ಬುಕ್ಕನ್ನು ದುರುಗುಟ್ಟಿ ನೋಡುತ್ತಾರೆ, ತಪ್ಪೆಲ್ಲ ಅದರದೇ ಎಂಬಂತೆ. ನಂತರ ತಾವೇ ಬೆರಳು ಮಡಚಿ ಎರಡು ಸಲ ಎಣಿಸುತ್ತಾರೆ. ಲೆಕ್ಕ ಬದಲಾಗುವುದಿಲ್ಲ. "ಮುಯ್ಯಿ ಅಂದ್ಮೇಲೆ ಮುಯ್ಯೀನೆ ಕಣಮ್ಮ. ನಾಗಸಂದ್ರದವ್ರಿಗೆ ಏಳಿ ಕಳಿಸ್ತೀನಿ," ಎಂದು ಲೋಟ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಹೊಸ್ತಿಲ ಮೇಲೆ ನಿಂತ ಕೃಷ್ಣಮ್ಮ ಅಂಗೈ ಚಾಚಿ ಬೀಜ ಇಸಿದುಕೊಳ್ಳುತ್ತಾಳೆ.

ತಿಂಡ್ಲು ತಲುಪುವಾಗ ಹೊತ್ತು ಮುಳುಗಿದೆ. ಸುಬ್ಬಮ್ಮನ ಬೀಜ ಕೊಟ್ಟ ಮೇಲೆ ಸಂಚಿಯಲ್ಲಿ ಉಳಿಯುವುದು ಒಂದೇ. ಅದನ್ನು ನನ್ನ ಕೈಗಿಟ್ಟು, ಅರಳಿಕಟ್ಟೆಗೆ ಒರಗಿಸಿಟ್ಟಿದ್ದ ಸೈಕಲ್ಲು ಹತ್ತುವ ಮೊದಲು ಹೆಸರು ಹೇಳಿಸಿಕೊಳ್ಳುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ, ಇಂಥ ಬರಹದ ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆಯನ್ನೇ. ಅವರು ಖಾಲಿ ಖಾನೆಯನ್ನು ಮಡಚಿ ಸಂಚಿ ಕಟ್ಟುತ್ತಾರೆ.

"ಪರೀಕ್ಸೆ ದಿನ ಬಾಗಿಲಾಗೆ ನಿಂತ್ಕೊಂಡು ಎಸ್ರು ಕೂಗ್ತಾರಂತಲ್ಲ ಸ್ವಾಮಿ. ಅವತ್ತೊಂದಿನ ನೀರಿಗೆ ರಜಾ ಕೇಳಿದೀನಿ. ಕಾಂಪೌಂಡಾಚೆ ನಿಂತ್ಕೊಂಡು ಕೇಳ್ಬೇಕು. ಕೃಷ್ಣಮ್ಮ ಅಂತ ಕೂಗ್ಬೇಕು, ಕೃಷ್ಣಮ್ಮನೇ ಒಳಗೋಗ್ಬೇಕು. ಅಷ್ಟು ನೋಡಿದ್ರೆ ಸಾಕು."